ಬೆಚ್ಚಗಿನ ಅಂಗೈ

ನನ್ನ ಗಂಡ ಅಲುಗಾಡದೆ ಕೂಡುವುದರಲ್ಲಿ ಹುನಗುಂದಕ್ಕೆಲ್ಲ ಹೆಸರಾಗಿದ್ದರು. ಚಿಕ್ಕಂದಿನಲ್ಲಿ ಬದಾಮಿ ಕಡೆಯ ಒಂದು ಮಠದ ಪಾಠಶಾಲೆಯಲ್ಲಿ ಕೆಲವು ವರ್ಷ ಇದ್ದು ಬಂದವರು. ಅಲ್ಲಿ ನಸುಕಿನಲ್ಲೆದ್ದು, ಹೊಳೆಯಲ್ಲಿ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ರೆಪ್ಪೆ ಮಿಟುಕಿಸದೆ ಕೂಡಬೇಕಿತ್ತಂತೆ. ಕಲಿತ ಸಂಸ್ಕೃತವೆಲ್ಲ ಮರೆತುಹೋಗಿತ್ತು, ಕೂಡುವುದೊಂದು ಉಳಿದಿತ್ತು. ಶಾಲೆಯಲ್ಲಿ ಚಿತ್ರಕಲೆ ಮಾಸ್ತರರಾದ ಮೇಲೆ ಗ್ಯಾದರಿಂಗಿನ ನಾಟಕಗಳಲ್ಲಿ ತಪಸ್ಸಿಗೆ ಕೂತ ಋಷಿ, ಶಾಪದಿಂದ ಕಲ್ಲಾದ ರಾಜ, ಇಂಥ ಪಾತ್ರಗಳೆಲ್ಲ ಅವರಿಗೇ ಬರುತ್ತಿದ್ದವು. ಮನೆಯಲ್ಲಿ ನಾನು ಏನಾದರೂ ಕೆಲಸ ಹೇಳಿದಾಗಲೂ ಅದೇ ವಿದ್ಯೆ ತೋರಿಸುತ್ತಿದ್ದರು.

ಆ ವಿದ್ಯೆ ಅವರ ಜೀವಕ್ಕೆ ಸಂಚಕಾರ ತಂದಿತ್ತು ಎಂದರೆ ಇವತ್ತಿಗೂ ಕೆಲವರು ನಗುತ್ತಾರೆ. ನಗಲಿ. ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತವಳು ನಾನು, ನಗುವವರಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಳಕಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯನೊಬ್ಬ ನನ್ನ ಗಂಡನಿಗಿದ್ದ. ಮುಂಬಯಿಗೆ ಸೀರೆ ಒಯ್ಯುವ ಸಾವಕಾರರೊಬ್ಬರಿಗೆ ಹೇಳಿ ಅಲ್ಲಿಂದ ಒಂದು ಹಳೆಯ ಸಿನಿಮಾ ಕ್ಯಾಮೆರಾ ತರಿಸಿಕೊಂಡಿದ್ದ. ಗಡಿಯಾರಕ್ಕೆ ಕೊಟ್ಟಂತೆ ಕೀಲಿ ಕೊಟ್ಟರೆ ಕರಕರ ಎಂದು ಓಡುವಂಥದು. ಧ್ವನಿ ಇಲ್ಲ, ಚಿತ್ರ ಮಾತ್ರ. ಅದು ಬಂದ ದಿನದಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆ ಫೋಟೋ ತೆಗೆಸಲು ಬಂದವರನ್ನು ಬಾಕಿನ ಮೇಲೆ ಕೂಡಿಸಿ ತಾನು ಒಳಗೆ ಕ್ಯಾಮೆರಾ ಒರೆಸುತ್ತ ಕೂಡುತ್ತಿದ್ದನಂತೆ.

ಅವನದೊಂದು ಸಿದ್ಧಾಂತವಿತ್ತು. ಹೇಳಿ ತೆಗೆದರೆ ಮಂದಿ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಾರೆ, ಹೇಳದೆ ತೆಗೆದರೇ ಖರೇ ಮುಖ ಸಿಗುತ್ತದೆ ಎಂದು. ಮೊದಲು ಇದನ್ನು ಬದಾಮಿಯಲ್ಲಿ ಮಾಡಿ ನೋಡಿದ. ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳ ಸೀರೆಯನ್ನು ತನ್ನ ಕಡೆಯವನೊಬ್ಬನಿಂದ ಕದಿಸಿ ಓಡಿಸಿದ. ತಾನು ಬಂಡೆಯ ಹಿಂದೆ ಕ್ಯಾಮೆರಾ ಹಿಡಿದು ಅಡಗಿ ಕೂತಿದ್ದ. ಹೆಂಗಸರೆಲ್ಲ ಒಗೆಯುವ ಬಡಿಗೆ ಹಿಡಿದು ಬೆನ್ನಟ್ಟಿ, ಕಳ್ಳನ ಪಾತ್ರದವನಿಗೆ ಬೆನ್ನು ಬಾತುಕೊಳ್ಳುವಂತೆ ಕೊಟ್ಟರು. ಮರುದಿನ ಗೆಳೆಯ ನಮ್ಮ ಮನೆಗೆ ಬಂದು ರೊಟ್ಟಿ ಉಣ್ಣುತ್ತ ಅದನ್ನೆಲ್ಲ ಹೇಳಿದಾಗ ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪೆಟ್ಟು ತಿಂದವನು ನಗಲಿಲ್ಲವೇನೋ, ಅವನನ್ನು ಯಾರೂ ಕರೆದುಕೊಂಡು ಬಂದಿರಲಿಲ್ಲ. ನಮ್ಮ ಸ್ಟುಡಿಯೋದವನು ಅದರಿಂದ ಕಲಿತ ಪಾಠ ಒಂದೇ, ಹೇಳದೆ ತೆಗೆದರೆ ಚಲೋ ಬರುತ್ತದೆ ಎಂಬುದು.

ಮುಂದಿನ ಸಿನಿಮಾದಲ್ಲಿ ಒಬ್ಬ ತರುಣ ನೇಕಾರ ಸಾಯಬೇಕಿತ್ತು. ಅವನ ಮೆರವಣಿಗೆ ಇಳಕಲ್ಲಿನ ಬಜಾರಿನ ನಡುವೆ ಹಾದು ಹೋಗಬೇಕು, ಅಂಗಡಿಯವರು ಎದ್ದು ನಿಲ್ಲಬೇಕು, ಹೆಂಗಸರು ಬಾಗಿಲಿಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಬೇಕು. ಇದೆಲ್ಲ ಖರೇ ಆಗಬೇಕು. ಹೆಣ ಮಾತ್ರ ಸುಳ್ಳು. ಅದಕ್ಕೆ ಅಲುಗಾಡದೆ ಕೂಡುವವರು ಬೇಕಿತ್ತು, ನನ್ನ ಗಂಡ ಒಪ್ಪಿಕೊಂಡರು.

ಕೂಡುವವರು ಎಂದೆ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಬಿದಿರಿನಿಂದ ಕಟ್ಟಿದ ವಿಮಾನದಲ್ಲಿ ಕೂಡಿಸಿ, ಹೂವಿನಿಂದ ಸಿಂಗರಿಸಿ, ಭಜನೆ ಮಾಡುತ್ತ ಒಯ್ಯುತ್ತೇವೆ. ಮುಖ ತೆರೆದೇ ಇರುತ್ತದೆ, ಊರೆಲ್ಲ ಕೊನೆಯ ಸಲ ನೋಡಲಿ ಎಂದು. ನನಗೆ ಮೊದಲು ಹೊಳೆದದ್ದೇ ಇದು. ಮುಖ ಕಂಡರೆ ಗುರುತು ಹಿಡಿಯುವುದಿಲ್ಲವೇ ಎಂದು ಕೇಳಿದೆ. ಇಳಕಲ್ಲಿನಲ್ಲಿ ನನ್ನನ್ನು ಬಲ್ಲವರು ಯಾರಿದ್ದಾರೆ ಎಂದರು. ಫೌಜದಾರರಿಗೋ ಪುರಸಭೆಗೋ ಒಂದು ಮಾತು ಹೇಳಿದ್ದೀರಾ ಎಂದೆ. ಅವರೂ ಅದನ್ನೇ ಗೆಳೆಯನಿಗೆ ಕೇಳಿದ್ದರಂತೆ. ಠಾಣೆಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ, ಹೆಚ್ಚೆಂದರೆ ಅರ್ಧ ತಾಸಿನ ಕೆಲಸ ಎಂದನಂತೆ ಅವನು. ಅವ್ವನಿಗೆ ಗೊತ್ತಾದರೆ ಹೊಸ್ತಿಲು ದಾಟಗೊಡುವುದಿಲ್ಲ, ಹೇಳಬೇಡ ಎಂದು ನನಗೆ ತಾಕೀತು ಮಾಡಿದರು. ಅತ್ತೆಗೆ ಗಂಡ ಇರಲಿಲ್ಲ. ಹೆತ್ತ ಮಕ್ಕಳಲ್ಲಿ ಉಳಿದವರು ಇವರೊಬ್ಬರೇ. ಅಂಥ ತಾಯಿಗೆ ಹೇಗೆ ಹೇಳುವುದು? ನಾನು ಗುರುಗುಟ್ಟುತ್ತಲೇ ಹೊಸ ಧೋತರ ಮಡಿಸಿ ಚೀಲದಲ್ಲಿಟ್ಟೆ.

ಬೇಸಿಗೆ ಸೂಟಿ. ಬಣ್ಣ ತರಲು ಇಳಕಲ್ಲಿಗೆ ಹೋಗಿಬರುತ್ತೇನೆಂದು ತಾಯಿಗೆ ಹೇಳಿ ಮುಂಜಾನೆಯ ಬಸ್ಸಿಗೆ ಹೋದರು.

ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾನು ಒಲೆಯ ಮುಂದಿದ್ದೆ. ಹೊರಗೆ ಯಾರೋ ಓಡಿ ಬಂದು ಬಾಗಿಲಲ್ಲೇ ಕುಸಿದದ್ದು ಕೇಳಿಸಿತು. ಬಂದು ನೋಡಿದರೆ ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ. ತಲೆಯ ರುಮಾಲು ಕೈಯಲ್ಲಿತ್ತು. ಆ ಮನುಷ್ಯ ರುಮಾಲಿಲ್ಲದೆ ಇದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಅಕ್ಕಾ, ನಮ್ಮ ಹುಡುಗ ಹ್ವಾದ" ಎಂದರು.

ಅತ್ತೆ ಒಮ್ಮೆ ತಲೆ ಎತ್ತಿ ತಮ್ಮನನ್ನು ನೋಡಿದರು. ಆಮೇಲೆ ಮೊರದಲ್ಲಿದ್ದ ಒಂದು ಹರಳು ಆರಿಸಿ ಹೊರಗೆ ಹಾಕಿದರು. ಇನ್ನೊಂದು ಆರಿಸಿದರು. ಮೊರವನ್ನು ಸದ್ದಾಗದಂತೆ ಕೆಳಗಿಟ್ಟರು. ಅದಾದ ಮೇಲೆ ಅವರ ಬಾಯಿಂದ ಬಂದ ಸದ್ದಿಗೆ ಎದುರು ಸಾಲಿನ ಬಾಗಿಲುಗಳೆಲ್ಲ ತೆರೆದವು.

ಸೋದರಮಾವ ಏನೋ ಕೆಲಸಕ್ಕೆ ಇಳಕಲ್ಲಿಗೆ ಹೋಗಿದ್ದರು. ತಿರುಗಿ ಬರುವಾಗ ಬಸ್ಸು ಸ್ಟ್ಯಾಂಡ್ ಬಿಟ್ಟು ಸ್ವಲ್ಪ ದೂರ ಬಂದಿತ್ತಷ್ಟೆ, ಎದುರಿಗೆ ಮೆರವಣಿಗೆ. ಡ್ರೈವರ್ ಎಲ್ಲರೂ ಮಾಡುವಂತೆ ಗಾಡಿ ಬಂದ್ ಮಾಡಿ ನಿಲ್ಲಿಸಿದ. ಒಳಗಿದ್ದವರು ಕೈ ಮುಗಿದರು, ಇವರೂ ಮುಗಿದರು. ವಿಮಾನ ಕಿಟಕಿಯ ಪಕ್ಕಕ್ಕೆ ಬಂದಾಗ ಮುಖ ಕಂಡಿತು. ಕೂಗಬೇಕೆಂದರೆ ಧ್ವನಿ ಏಳಲಿಲ್ಲ. ಇಳಿಯಬೇಕೆಂದರೆ ಬಸ್ಸು ತುಂಬಿ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟಿತು. ಹೋದ ಊರಿನಲ್ಲಿ ಒಮ್ಮೆಲೆ ಏನೋ ಆಗಿ ಹೋಗಿದ್ದಾನೆ, ಗೆಳೆಯರು ಯಾವುದಾದರೂ ಮೋಟಾರಿನಲ್ಲಿ ಮನೆಗೆ ಕಳಿಸಲು ಒಯ್ಯುತ್ತಿದ್ದಾರೆ, ಅಷ್ಟರಲ್ಲಿ ತಾನು ಮುಂದೆ ಹೋಗಿ ಮನೆ ಸಜ್ಜು ಮಾಡಬೇಕು ಎಂದು ಅವರ ತಲೆಗೆ ಹೊಳೆಯಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಯೋಚಿಸುತ್ತಿದ್ದೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ನಗು ಬಂದಿತ್ತು. ಗುರುತು ಹಿಡಿಯುತ್ತಾರೆ ಎಂದು ಬಡಕೊಂಡಿರಲಿಲ್ಲವೇ ನಾನು? ಬರಲಿ ಸಂಜೆಗೆ, ಜನ್ಮಕ್ಕಾಗುವಷ್ಟು ಹೇಳುತ್ತೇನೆ ಅಂದುಕೊಂಡೆ. ಅತ್ತೆಯ ಪಕ್ಕ ಕೂತು ಅವರ ಎರಡೂ ಕೈ ಹಿಡಿದೆ.

"ಅತ್ತಿ, ಅದು ಸಿನಿಮಾ ಐತಿ. ಅವರು ಸತ್ತಿಲ್ಲರಿ. ಸತ್ತಂಗ ಕುಂತಾರಷ್ಟ" ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ನಂಬಿಕೆ ಮೂಡಲಿಲ್ಲ, ನನ್ನ ಬಗ್ಗೆ ಕನಿಕರ ಮೂಡಿತು. ಮಗ ಹೋದ ಸಂಕಟದಲ್ಲೂ ನನ್ನ ತಲೆ ಸವರಿದರು.

ಅಷ್ಟರಲ್ಲಿ ಮನೆ ತುಂಬಿತ್ತು. ಎದುರು ಮನೆಯ ಆಯಿ ಬಂದರು. ನಮ್ಮ ಓಣಿಯಲ್ಲಿ ಹುಟ್ಟಿದರೂ ಸತ್ತರೂ ಅವರ ಮಾತೇ ನಡೆಯುತ್ತಿತ್ತು. ನಾನು ಅವರಿಗೂ ಹೇಳಿದೆ. ಕ್ಯಾಮೆರಾ ಇದೆ, ಸೀರೆ ಅಂಗಡಿಯ ಮಾಳಿಗೆಯ ಮೇಲೆ ಅಡಗಿಸಿಟ್ಟಿದ್ದಾರೆ, ಕೀಲಿ ಕೊಟ್ಟರೆ ಓಡುತ್ತದೆ, ಒಬ್ಬ ನೇಕಾರ ಸಾಯುವ ಕಥೆ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಹುಚ್ಚರ ಮಾತಿನಂತೆ ಕೇಳತೊಡಗಿತು. ಆಯಿ ಎಲ್ಲ ಕೇಳಿ, ಪಕ್ಕದವಳಿಗೆ ಹೇಳಿದರು:

"ಪಾಪ, ಆಕೀ ತೆಲಿ ನಿಂತಿಲ್ಲ. ನೀರು ಕುಡಿಸ್ರಿ."

ಒಬ್ಬಳು ತಂಬಿಗೆ ತಂದು ಬಾಯಿಗೆ ಹಿಡಿದಳು. ನಾನು ತಳ್ಳಿದೆ, ನೀರು ಚೆಲ್ಲಿತು. ಅದು ಅವರ ಅನುಮಾನವನ್ನು ಗಟ್ಟಿ ಮಾಡಿತು. ಆಯಿ ನನ್ನ ಎಡಗೈ ತಮ್ಮ ತೊಡೆಯ ಮೇಲಿಟ್ಟುಕೊಂಡು, ಬಳೆಗಳ ಮೇಲೆ ಬೆರಳಾಡಿಸುತ್ತ ಕೂತರು. ಇನ್ನೊಬ್ಬಳು ಏನೋ ಕೇಳಿದ್ದಕ್ಕೆ, ಹೆಣ ಬರುವ ತನಕ ಇರಲಿ ಎಂದು ಅವರು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಕೈ ಕಿತ್ತುಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಅಷ್ಟು ಸಿಟ್ಟು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಬಳೆ ನನ್ನವು, ಗಂಡ ನನ್ನವರು, ಅವರು ಬದುಕಿದ್ದಾರೆಂದು ಗೊತ್ತಿರುವವಳು ಆ ಮನೆಯಲ್ಲಿ ನಾನೊಬ್ಬಳೇ, ಆದರೆ ಮಾತು ನಡೆಯುತ್ತಿದ್ದದ್ದು ಉಳಿದವರದು.

ಗಂಡಸರು ಕೆಲಸಕ್ಕೆ ಹತ್ತಿದರು. ಹೊಲದಲ್ಲಿ ಮಾವನವರ ಗದ್ದುಗೆಯ ಪಕ್ಕ ಕುಣಿ ತೋಡಲು ಸೋದರಮಾವ ನಾಲ್ವರನ್ನು ಕಳಿಸಿದರು. ಕುಣಿ ತೋಡಬೇಡಿ ಎಂದು ಬಾಗಿಲ ತನಕ ಓಡಿದೆ. ಹಿಡಿದು ತಂದು ಕೂಡಿಸಿದರು. ಪಡಸಾಲೆಯ ಗೋಡೆಯನ್ನು ಒರೆಸಿದರು, ಅದರ ಕೆಳಗೆ ಮಣೆ ಹಾಕಿದರು. ಕೂಡಿಸಿದ ಹೆಣ ವಾಲಬಾರದೆಂದು ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ನಮ್ಮ ಗೋಡೆಯಲ್ಲಿದ್ದದ್ದು ಒಂದೇ ಗೂಟ. ಅದರಲ್ಲಿ ಅವರು ಹಿಂದಿನ ದಿನ ಬಿಚ್ಚಿ ಹಾಕಿದ್ದ ಅಂಗಿ ಇತ್ತು. ಯಾರೋ ಆ ಅಂಗಿ ತೆಗೆದು ನನ್ನ ಮಡಿಲಿಗೆ ಹಾಕಿ ಗೂಟಕ್ಕೆ ಹಗ್ಗ ಸಿಕ್ಕಿಸಿದರು.

ನನ್ನ ಧೈರ್ಯ ಕುಸಿದದ್ದು ಆಗಲೇ. ಬರಿದಾದ ಗೂಟ, ಅದರಿಂದ ಇಳಿಬಿದ್ದ ಹಗ್ಗ. ಸೋದರಮಾವ ಬಂದವರಿಗೆಲ್ಲ ಮತ್ತೆ ಮತ್ತೆ ಹೇಳುತ್ತಿದ್ದರು, ತುಟಿಯ ಮೇಲೆ ನೊಣ ಕೂತಿತ್ತು, ಅಲುಗಲಿಲ್ಲ ಎಂದು. ನೊಣ ಕೂತರೂ ಅಲುಗದೆ ಕೂಡಬಲ್ಲರು ನನ್ನ ಗಂಡ, ಅದು ನನಗೆ ಗೊತ್ತು. ಆದರೆ ಆ ಬಿಸಿಲಿನಲ್ಲಿ? ಮುಂಜಾನೆ ಒಂದು ಬಟ್ಟಲು ಚಹಾ ಕುಡಿದು ಹೋದವರು, ಕೊರಳ ತುಂಬ ಹೂವಿನ ಭಾರ, ಬಿದಿರಿನ ಗೂಡಿನೊಳಗೆ ಬಿಗಿದು ಕಟ್ಟಿ ಕೂಡಿಸಿದ್ದಾರೆ. ಸತ್ತಂತೆ ಕೂತವರು ಹಾಗೇ ಹೋಗಿಬಿಟ್ಟಿದ್ದರೆ ಹೊತ್ತವರಿಗೆ ಗೊತ್ತಾಗುವುದಾದರೂ ಹೇಗೆ? ಚಲೋ ಮಾಡುತ್ತಿದ್ದಾನೆ ಎಂದುಕೊಂಡು ಮುಂದೆ ನಡೆದಿರುತ್ತಾರೆ. ಈ ವಿಚಾರ ಒಮ್ಮೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಅವರ ಅಂಗಿಯನ್ನು ಮೂಗಿಗೆ ಒತ್ತಿಕೊಂಡು ಕೂತೆ. ಅತ್ತೆಯ ಅಳು ಈಗ ಧ್ವನಿ ಬಿದ್ದು, ಬರೀ ಉಸಿರಾಗಿ ಬರುತ್ತಿತ್ತು.

ಹೊತ್ತು ಇಳಿಮುಖವಾದಾಗ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯವನು ಓಡುತ್ತ ಬಂದ. ಇಳಕಲ್ಲಿನಿಂದ ಆಗ ಬಂದ ಬಸ್ಸಿನವರು ಸುದ್ದಿ ಹೇಳಿದ್ದರು. ಬಜಾರಿನಲ್ಲಿ ದೊಡ್ಡ ಗದ್ದಲ. ಯಾರನ್ನೋ ಜೀವಂತ ಹೂಳಲು ವಿಮಾನದಲ್ಲಿ ಒಯ್ಯುತ್ತಿದ್ದರಂತೆ, ಮಂದಿ ಕಂಡುಹಿಡಿದು ಎಲ್ಲರನ್ನೂ ಹಾಕಿ ಬಡಿದಿದ್ದಾರಂತೆ, ಪೊಲೀಸರು ಬಂದಿದ್ದಾರಂತೆ.

"ಒಬ್ಬ ಸತ್ತಾನಂತ್ರಿ" ಎಂದ ಕೊನೆಗೆ.

ಆ ಕೊನೆಯ ಮಾತು ಯಾರಿಗೂ ಬೇಕಿರಲಿಲ್ಲ. ವಿಮಾನದಲ್ಲಿದ್ದವನು ಜೀವಂತ ಇದ್ದ ಎಂಬುದಷ್ಟೇ ಎಲ್ಲರ ಕಿವಿಗೆ ಬಿತ್ತು. ಸೋದರಮಾವ ಎದ್ದು ನಿಂತು ರುಮಾಲು ಸುತ್ತಿಕೊಳ್ಳತೊಡಗಿದರು, ಸುತ್ತು ನಿಲ್ಲಲೇ ಇಲ್ಲ. ಅತ್ತೆ ನಕ್ಕರು, ಅತ್ತರು, ದೇವರ ಕೋಣೆಯ ಬಾಗಿಲಲ್ಲಿ ಅಡ್ಡ ಬಿದ್ದರು. ಅಲ್ಲಿಯ ತನಕ ನನ್ನನ್ನು ಹುಚ್ಚಿ ಎಂದವರೆಲ್ಲ ಬಂದು ತಬ್ಬಿಕೊಂಡರು. ಈಗ ಅಳುತ್ತಿದ್ದವಳು ನಾನೊಬ್ಬಳೇ. ಒಳ್ಳೆಯ ಸುದ್ದಿ ಬಂದಾಗ ಯಾಕೆ ಅಳುತ್ತೀ ಎಂದು ಆಯಿ ಗದರಿಸಿದರು. ಗದ್ದಲದಲ್ಲಿ ಒಬ್ಬ ಸತ್ತಿದ್ದಾನೆ ಎಂದರೆ ಆ ಗದ್ದಲದ ನಟ್ಟ ನಡುವೆ ಕೈಕಾಲು ಕಟ್ಟಿಸಿಕೊಂಡು ಕೂತಿದ್ದವರು ಯಾರು ಎಂದು ಅವರಿಗೆ ಬಿಡಿಸಿ ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಸೋದರಮಾವನವರ ಎದುರು ಹೋಗಿ ನಿಂತೆ.

"ಮಾವಾರ, ನನ್ನ ಈಗ ಇಳಕಲ್ಲಿಗೆ ಕರಕೊಂಡು ನಡೀರಿ" ಎಂದೆ.

ಇಳಕಲ್ಲಿನ ಕೆಂಪು ಕಲ್ಲು ಒಯ್ಯುವ ಖಾಲಿ ಲಾರಿಯೊಂದು ಆ ಕಡೆ ಹೊರಟಿತ್ತು. ಡ್ರೈವರನ ಪಕ್ಕ ಇಬ್ಬರೂ ಕೂತೆವು. ಗೂಟದ ಅಂಗಿ ನನ್ನ ಕೈಯಲ್ಲೇ ಇತ್ತು. ಉಟ್ಟ ಸೀರೆ ಒಲೆಯ ಮುಂದಿನದು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಲಾರಿ ಓಡಿದಷ್ಟೂ ದಾರಿ ಉದ್ದವಾಗುತ್ತಿತ್ತು.

ಬಜಾರಿನಲ್ಲಿ ಅಂಗಡಿಗಳ ಬಾಗಿಲು ಅರ್ಧ ಎಳೆದಿದ್ದವು. ನೆಲದ ಮೇಲೆ ತುಳಿದ ಚೆಂಡು ಹೂ, ಚುರುಮುರಿ, ಒಂಟಿ ಚಪ್ಪಲಿಗಳು. ವಿಮಾನದ ಬಿದಿರುಗಳು ಮುರಿದು ಗಟಾರದಲ್ಲಿ ಬಿದ್ದಿದ್ದವು. ಯಾರನ್ನು ಕೇಳಿದರೂ ನಮ್ಮ ಮುಖ ನೋಡಿ ಠಾಣೆಯ ಕಡೆ ಕೈ ತೋರಿಸುತ್ತಿದ್ದರು.

ಠಾಣೆಯ ಕಟ್ಟೆಯ ಮೇಲೆ, ಗೋಡೆಗೆ ಆನಿಸಿ, ಅವರನ್ನು ಕೂಡಿಸಿದ್ದರು. ಕಾಲು ಮಡಚಿದ್ದವು. ಕಣ್ಣು ಮುಚ್ಚಿದ್ದವು. ಕೊರಳಲ್ಲಿ ಹರಿದ ಹೂವಿನ ದಾರ, ಹಣೆಯ ಮೇಲೆ ವಿಭೂತಿ, ಹೊಸ ಧೋತರದ ಮೇಲೆ ರಕ್ತದ ಕಲೆ. ಮೆಟ್ಟಿಲ ಕೆಳಗೆ ನನ್ನ ಕಾಲು ನಿಂತುಬಿಟ್ಟವು. ನಮ್ಮ ಪಡಸಾಲೆಯ ಗೋಡೆಗೆ ಮಧ್ಯಾಹ್ನ ಹೇಗೆ ಜಾಗ ಮಾಡಿದ್ದರೋ ಹಾಗೇ ಇಲ್ಲಿ ಕೂಡಿಸಿದ್ದರು. ಅವರು ಅಲುಗುತ್ತಿದ್ದಾರೋ ಎಂದು ನೋಡಿದೆ. ಅಲುಗುತ್ತಿರಲಿಲ್ಲ. ಆ ಮನುಷ್ಯ ಯಾವತ್ತು ಅಲುಗಿದ್ದರು, ಇವತ್ತು ಅಲುಗಲಿ ಎಂದು ಕಾಯಲು?

ಮೆಟ್ಟಿಲು ಹತ್ತಿ ಹೋಗಿ, ಮಡಿಲಲ್ಲಿದ್ದ ಅವರ ಎಡ ಅಂಗೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಬೆಚ್ಚಗಿತ್ತು.

ಅವರು ಕಣ್ಣು ಬಿಟ್ಟರು. ತುಟಿ ಒಡೆದು ಬಾತಿತ್ತು. "ಅವ್ವಗ ಹೇಳೀಯೇನು?" ಎಂದರು. ಠಾಣೆ ಎಂಬುದನ್ನೂ ನೋಡದೆ, ಪೊಲೀಸರ ಎದುರಿಗೇ ನಾನು ಜೋರಾಗಿ ಅತ್ತುಬಿಟ್ಟೆ.

ನಡೆದದ್ದನ್ನು ಆಮೇಲೆ ಒಂದೊಂದಾಗಿ ಕೇಳಿ ತಿಳಿದೆ. ಸಿನಿಮಾದವನ ಲೆಕ್ಕದಂತೆ ಮೆರವಣಿಗೆ ಸೀರೆ ಅಂಗಡಿಯ ಮುಂದೆ ಹಾದು, ತಿರುವು ದಾಟಿ, ಒಂದು ಕಟ್ಟಿಗೆ ಅಡ್ಡೆಯೊಳಗೆ ಹೊಕ್ಕು ಮುಗಿಯಬೇಕಿತ್ತು. ಮುಗಿಯುತ್ತಿತ್ತು ಕೂಡ. ಆದರೆ ಅಂಗಡಿಯ ಎದುರಿಗೆ ಒಬ್ಬ ಹಿರಿಯ ಜಂಗಮ ಅಯ್ಯನವರ ಮನೆಯಿತ್ತು. ಆ ದಾರಿಯಲ್ಲಿ ಹೋಗುವ ವಿಮಾನವನ್ನು ಅವರ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲಿಸುವುದು, ಅವರು ಹೊರಬಂದು ಹೋದವರ ಹಣೆಗೆ ವಿಭೂತಿ ಹಚ್ಚಿ ಕಳಿಸುವುದು ಅಲ್ಲಿಯ ರೂಢಿ. ಪರ ಊರಿನವರು ಹೊತ್ತಿದ್ದರೆ ನಿಲ್ಲದೆ ಹೋಗುತ್ತಿದ್ದರು. ಹೊತ್ತವರು ನಾಲ್ವರೂ ಅದೇ ಊರಿನ ನೇಕಾರರ ಮಕ್ಕಳು. ಎಷ್ಟೋ ಖರೇ ವಿಮಾನಗಳಿಗೆ ಹೆಗಲು ಕೊಟ್ಟವರು. ಸಿನಿಮಾ ಎಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅಯ್ಯನವರ ಬಾಗಿಲು ಬಂದದ್ದೇ ನಾಲ್ವರೂ ತಾವಾಗಿಯೇ ನಿಂತರು.

ಅಯ್ಯನವರು ಬಂದು ವಿಭೂತಿ ಹಚ್ಚಿದರು. ಹಣೆಯ ಮೇಲೆ ಬೆವರಿತ್ತು. ವಿಭೂತಿ ಕಲಸಿದ ಸುಣ್ಣದಂತೆ ಅವರ ಬೆರಳಿಗೇ ಮೆತ್ತಿಕೊಂಡಿತು. ಹೆಣ ಬೆವರುವುದಿಲ್ಲ. ಅವರು ತಡೆದು, ಮಡಿಲಲ್ಲಿದ್ದ ಅಂಗೈಯನ್ನು ಹಿಡಿದು ನೋಡಿದರು. ಇವನಲ್ಲಿ ಜೀವ ಇದೆ ಎಂದು ಕೂಗಿದರು.

ಸಿನಿಮಾ ಇರಬಹುದೆಂದು ಯಾರಿಗೆ ತಾನೇ ಹೊಳೆಯಬೇಕು? ಔಷಧ ಕುಡಿಸಿ, ಮೈಮರೆಸಿ, ಒಬ್ಬ ತರುಣನನ್ನು ಜೀವಂತ ಮಣ್ಣು ಮಾಡಲು ಒಯ್ಯುತ್ತಿದ್ದಾರೆ ಎಂದೇ ಮಂದಿ ತಿಳಿದರು. ಒಂದು ಗಳಿಗೆ ಮೊದಲು ಕಣ್ಣೊರೆಸಿಕೊಂಡಿದ್ದವರೇ ಬಡಿಗೆ ಹಿಡಿದರು. ನನ್ನ ಗಂಡ ಕಣ್ಣು ಬಿಟ್ಟು, ಇದು ಸಿನಿಮಾ, ಅವರನ್ನು ಹೊಡೆಯಬೇಡಿ ಎಂದು ಕೂಗಿದರಂತೆ. ಪಾಪ, ಅಮಲಿನಲ್ಲಿ ಬಡಬಡಿಸುತ್ತಿದ್ದಾನೆ ಎಂದರಂತೆ ಜನ. ಒಂದೇ ಮಧ್ಯಾಹ್ನ ಎರಡು ಊರುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಅದೇ ಮಾತನ್ನು ಕೂಗಿದ್ದೆವು, ಇಬ್ಬರನ್ನೂ ಯಾರೂ ನಂಬಲಿಲ್ಲ. ವಿಮಾನ ಮಗುಚಿ ಬಿದ್ದು ಅವರ ತುಟಿ ಒಡೆಯಿತು. ತುಳಿಯುತ್ತಿದ್ದ ಕಾಲುಗಳ ಅಡಿ ಸಿಕ್ಕ ನನ್ನ ಗಂಡನನ್ನು ಆ ಅಯ್ಯನವರೇ ಎಳೆದು ತಮ್ಮ ಮನೆಯೊಳಗೆ ಹಾಕಿ ಬಾಗಿಲಿಗೆ ಅಡ್ಡ ನಿಂತರು. ಇಲ್ಲದಿದ್ದರೆ ನಾನು ಹಿಡಿದ ಅಂಗೈ ಬೆಚ್ಚಗಿರುತ್ತಿರಲಿಲ್ಲ.

ಒಬ್ಬ ಸತ್ತದ್ದು ಗಾಳಿಸುದ್ದಿ. ಯಾರೂ ಸತ್ತಿರಲಿಲ್ಲ. ಆದರೆ ಹೊತ್ತ ನಾಲ್ವರಲ್ಲಿ ಒಬ್ಬನ ಬಲಗೈ ಮೊಣಕೈಯ ಹತ್ತಿರ ಮುರಿದಿತ್ತು. ದವಾಖಾನೆಯಲ್ಲಿ ಕಟ್ಟಿದರೂ ಅದು ಮತ್ತೆ ನೆಟ್ಟಗಾಗಲಿಲ್ಲ. ಅವನು ಆಮೇಲೆ ಮಗ್ಗದಲ್ಲಿ ಕೂಡಲಿಲ್ಲ, ಸೀರೆ ಅಂಗಡಿಯೊಂದರಲ್ಲಿ ಗಂಟು ಹೊರುತ್ತಿದ್ದ. ಇಳಕಲ್ಲಿಗೆ ಹೋದಾಗ ಕಂಡರೆ ಅವನೇ ಮೊದಲು ಮಾತಾಡಿಸುತ್ತಿದ್ದ, ನನ್ನ ಗಂಡ ತಲೆ ತಗ್ಗಿಸುತ್ತಿದ್ದರು.

ಫೌಜದಾರರು ಬೈದದ್ದರಲ್ಲಿ ಒಂದು ಮಾತು ನೆನಪಿದೆ. ಮುಂಜಾನೆ ಬಂದು ಒಂದು ಮಾತು ಹೇಳಿದ್ದರೆ ಇಬ್ಬರು ಪೊಲೀಸರನ್ನು ಕೊಟ್ಟು ನಾನೇ ನಿಂತು ನೋಡುತ್ತಿದ್ದೆನಲ್ಲ ಎಂದರು. ಅಷ್ಟೇ ಆಗಬೇಕಿದ್ದದ್ದು.

ಮತ್ತೆ ಸ್ಟುಡಿಯೋದವನು? ಅವನು ಮಾಳಿಗೆಯ ಮೇಲಿದ್ದ. ಕೆಳಗೆ ಗೆಳೆಯರ ಮೇಲೆ ಬಡಿಗೆ ಬೀಳುತ್ತಿದ್ದಾಗ ಕ್ಯಾಮೆರಾ ಎತ್ತಿ ತೋರಿಸಿದ್ದರೂ ಸಾಕಿತ್ತು, ಕೆಲವರಾದರೂ ನಂಬುತ್ತಿದ್ದರು. ಅವನು ಮತ್ತೊಮ್ಮೆ ಕೀಲಿ ಕೊಟ್ಟ. ರೀಲು ಮುಗಿಯುವ ತನಕ ತೆಗೆದ.

ಅಂದು ನಾವು ಮನೆ ಮುಟ್ಟಿದಾಗ ಅತ್ತೆ ಮಗನ ಮುಖ, ಎದೆ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನ್ನ ಗಂಡ ಎಷ್ಟೋ ಸಲ ನನ್ನ ಹತ್ತಿರ ಅಂದಿದ್ದಾರೆ. ಹಗ್ಗವನ್ನು ನಾನೇ ಬಿಚ್ಚಿ ಬಿಸಾಕಿ ಅಂಗಿಯನ್ನು ಮತ್ತೆ ಗೂಟಕ್ಕೆ ಹಾಕಿದೆ.

ಉಳಿದದ್ದು ಕುಣಿ. ತೋಡಿದ ಕುಣಿಯನ್ನು ಖಾಲಿ ಬಿಡಬಾರದು, ಬರಿದೆ ಮಣ್ಣೆಳೆದು ಮುಚ್ಚಲೂ ಬಾರದು, ಅದರೊಳಗೆ ಏನಾದರೂ ಹೋಗಲೇಬೇಕು, ಇಲ್ಲದಿದ್ದರೆ ಅದು ಮನೆಯವರನ್ನು ಕರೆಯುತ್ತದೆ ಎಂದು ಆಯಿ ಹೇಳಿದರು. ನನಗೆ ಇಂಥದರಲ್ಲಿ ನಂಬಿಕೆ ಕಡಿಮೆ. ಆದರೂ ಆ ದಿನಗಳಲ್ಲಿ ನಾನು ಹೊಲದ ಕಡೆ ಹೋಗಲಿಲ್ಲ. ಏನು ಹಾಕುವುದು ಎಂದು ಅತ್ತೆ ಯಾರನ್ನೂ ಕೇಳಲಿಲ್ಲ. ಕಾದರು.

ಕೆಲವು ದಿನಗಳಾದ ಮೇಲೆ ಸ್ಟುಡಿಯೋದವನು ಬಂದ. ಅಂಗಿಯ ಇಸ್ತ್ರಿ ಕೂಡ ಕೆಟ್ಟಿರಲಿಲ್ಲ. ತಪ್ಪಾಯಿತು ಅಂದ, ಅತ್ತೆಯ ಕಾಲಿಗೆ ಬಿದ್ದ. ಆದರೆ ಕಂಕುಳಲ್ಲಿ ಒಂದು ತಗಡಿನ ಡಬ್ಬಿ ಇತ್ತು, ಅದರೊಳಗೆ ಆ ರೀಲು. ತೊಳೆಸಲು ಮುಂಬಯಿಗೆ ಕಳಿಸಬೇಕು, ಅದಕ್ಕೂ ಮೊದಲು ಮನೆಯವರ ಒಪ್ಪಿಗೆ ಕೇಳಲು ಬಂದೆ ಎಂದ. ಒಪ್ಪಿಗೆ ಕೇಳುವುದನ್ನು ಕೊನೆಗೂ ಕಲಿತಿದ್ದ, ಕೇಳಬೇಕಾದ ದಿನ ಕಳೆದ ಮೇಲೆ. ಭಾಳ ಚಲೋ ಬಂದಿರಬೇಕು, ಮಂದಿಯ ಅಳು, ಸಿಟ್ಟು ಎಲ್ಲ ಖರೇ, ಇಂಥದ್ದು ಯಾರೂ ತೆಗೆದಿಲ್ಲ ಎನ್ನುವಾಗ ಅವನ ಕಣ್ಣು ಹೊಳೆದವು. ನಾಚಿಕೆಯ ಮಾತು, ನನ್ನ ಗಂಡನ ಕಣ್ಣೂ ಒಂದಿಷ್ಟು ಹೊಳೆದವು. ನಾನು ಬಾಯಿ ಬಿಡುವ ಮೊದಲೇ ಅತ್ತೆ ಕೇಳಿದರು.

"ನಾ ಅತ್ತದ್ದು ಐತೇನಪಾ ಅದರಾಗ?"

ಅವನಿಗೆ ಅರ್ಥವಾಗಲಿಲ್ಲ. ಇಲ್ಲರೀ, ಇಳಕಲ್ಲಿನ ಮಂದಿಯಷ್ಟೇ ಇದ್ದಾರೆ ಎಂದ. ಅತ್ತೆ ಕೈ ಚಾಚಿದರು. ಅವನು ನನ್ನ ಗಂಡನನ್ನು ನೋಡಿದ. ನನ್ನ ಗಂಡ ಕಲ್ಲಾಗಿ ಕೂತಿದ್ದರು. ಡಬ್ಬಿ ಅತ್ತೆಯ ಕೈಗೆ ಬಂತು. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಲಕ್ಕೆ ನಡೆದರು. ನಾನು ಹಿಂದೆ ಹೋದೆ. ಮಗನಿಗೆಂದು ತೋಡಿದ ಕುಣಿಯಲ್ಲಿ ಅದನ್ನಿಟ್ಟು, ಒಂದು ಹಿಡಿ ವಿಭೂತಿ ಚೆಲ್ಲಿ, ಇಬ್ಬರೂ ಕೂಡಿ ಮಣ್ಣು ಎಳೆದೆವು. ಸಂಜೆ ಆಗುವವರೆಗೂ ಎಳೆದೆವು.

ಆಮೇಲೆ ಅತ್ತೆಗೆ ಒಂದು ಚಟ ಅಂಟಿಕೊಂಡಿತು. ಮಗ ಮಧ್ಯಾಹ್ನ ಮಲಗಿದರೆ ಹತ್ತಿರ ಹೋಗಿ ಅಂಗೈ ಮುಟ್ಟಿ ಬರುವರು. ಓದುತ್ತ ಕೂತು ಮೈಮರೆತಿದ್ದರೂ ಹಾಗೇ. ನನ್ನ ಗಂಡ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಪುಸ್ತಕದಿಂದ ಕಣ್ಣು ತೆಗೆಯದೆ ಕೈ ಚಾಚುತ್ತಿದ್ದರು. ಅದಾದ ಮೇಲೆ ಅವರು ನಾಟಕದಲ್ಲಿ ಪಾತ್ರ ಮಾಡಲಿಲ್ಲ, ಪರದೆಗೆ ಬಣ್ಣ ಹಚ್ಚುವುದಷ್ಟೇ ಮಾಡಿದರು.

ಆ ದಶಕ ಮುಗಿಯುವ ಹೊತ್ತಿಗೆ ಅತ್ತೆ ತೀರಿಕೊಂಡರು. ಅದೇ ಗೋಡೆಗೆ, ಅದೇ ಗೂಟದ ಕೆಳಗೆ ಅವರನ್ನು ಕೂಡಿಸಿದೆವು. ಹೊಲದಲ್ಲಿ ಕುಣಿ ಸಿದ್ಧವಾಯಿತು, ಅಂಗಳದಲ್ಲಿ ವಿಮಾನ ಸಿದ್ಧವಾಯಿತು. ಹೊತ್ತಾಯಿತು, ಎಬ್ಬಿಸಿ ಎಂದು ನಮ್ಮೂರಿನ ಅಯ್ಯನವರು ಎರಡು ಸಲ ಹೇಳಿದರು. ನನ್ನ ಗಂಡ ತಾಯಿಯ ಎಡ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕೂತಿದ್ದರು. ಮುಂಜಾನೆಯಿಂದ ಹಾಗೇ ಕೂತಿದ್ದರು, ಅಲುಗಿರಲಿಲ್ಲ. ಮುದುಕರಾಗಿದ್ದ ಸೋದರಮಾವ ನನ್ನ ಕಡೆ ನೋಡಿದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಇನ್ನೊಂದು ಸ್ವಲ್ಪ ತಡೀರಿ ಅನ್ನು" ಎಂದರು ಮೆಲ್ಲಗೆ. "ಬೆಚ್ಚಗ ಐತಿ."

ನಾನು ಮುಟ್ಟಿ ನೋಡಿದೆ. ಬೆಚ್ಚಗೇ ಇತ್ತು. ಅಷ್ಟು ಹೊತ್ತು ಹಿಡಿದಿದ್ದ ಅವರ ಕೈಯ ಕಾವು ಅದು. ನಾನು ಅದನ್ನು ಅವರಿಗೆ ಹೇಳಲಿಲ್ಲ. ಇನ್ನೊಂದು ಸ್ವಲ್ಪ ತಡೆಯಿರಿ ಎಂದು ಮಂದಿಗೆ ಹೇಳಿದೆ, ಅವರು ತಡೆದರು.